ಶೆಡ್ಡಿನಲ್ಲಿ ಬೆಳೆಸಿದ ಹೆಬ್ಬಾತುಗಳ ಲಿವರ್ ಹಳದಿಯಾಗುವುದೇಕೆ?

ಪ್ರಶ್ನೆ: ಅಮ್ಮತ್ತಿಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿ ಸಮೀಪದ ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದಲೂ ಹೆಬ್ಬಾತುಗಳನ್ನು ಸಾಕುತ್ತಿದ್ದೇವೆ. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಅವು ಗದ್ದೆಯ ಬದುಗಳಲ್ಲಿ, ಕೆರೆಯ ದಂಡೆಯಲ್ಲಿ ದಿನವಿಡೀ ಹುಲ್ಲು ಮೇದು ಸಂಜೆ ತಾವಾಗಿಯೇ ಅಂಗಳಕ್ಕೆ ಬರುತ್ತಿದ್ದವು. ಆಮೇಲೆ ಒಂದಿಷ್ಟು ಭತ್ತವನ್ನೋ ನುಚ್ಚನ್ನೋ ಎರಚಿದರೆ ಸಾಕಾಗುತ್ತಿತ್ತು. ಬೀದಿನಾಯಿಗಳ ಕಾಟ ಹೆಚ್ಚಾದ ಮೇಲೆ ಹಿಂಡನ್ನು ಎರಡಾಗಿ ವಿಂಗಡಿಸಿದೆವು. ಹಳೆಯ ಹಕ್ಕಿಗಳು ಮನೆ ಕಾಯುವ ಕೆಲಸಕ್ಕೆಂದು ಈಗಲೂ ಹೊರಗೇ ಇವೆ. ಮಾಂಸಕ್ಕೆ ಬೆಳೆಸುವ ಎಳೆಯ ಹಕ್ಕಿಗಳನ್ನು ಮಾತ್ರ ಮಳೆ ಹಿಡಿಯುವ ಮೊದಲೇ, ನೆಲದಿಂದ ಎತ್ತರಿಸಿ ಅಡಿಕೆ ದಬ್ಬೆ ಹೊಡೆದ ಶೆಡ್ಡಿಗೆ ಸೇರಿಸಿ, ಮೆಕ್ಕೆಜೋಳದ ನುಚ್ಚು ಮತ್ತು ಬ್ರಾಯ್ಲರ್ ಫೀಡ್ ಹಾಕಿ ಬೆಳೆಸುತ್ತಿದ್ದೇವೆ.

ಕೈಲ್ ಮುಹೂರ್ತ ಹಬ್ಬದ ಸಮಯದಲ್ಲಿ ಎರಡೂ ಕಡೆಯ ಹಕ್ಕಿಗಳನ್ನು ಕೊಯ್ದಾಗ ಕಂಡ ವ್ಯತ್ಯಾಸವೇ ಈ ಪ್ರಶ್ನೆಗೆ ಕಾರಣ. ಹೊರಗೆ ಮೇದ ಹಕ್ಕಿಯ ಲಿವರ್ ಕಡುಗೆಂಪಾಗಿ, ಅಂಚು ಚೂಪಾಗಿ, ಕೈಗೆ ಗಟ್ಟಿಯಾಗಿತ್ತು. ಶೆಡ್ಡಿನ ಹಕ್ಕಿಗಳಲ್ಲಿ ಹಲವಕ್ಕೆ ಅದು ಊದಿಕೊಂಡು, ಅಂಚು ದುಂಡಗಾಗಿ, ಹಳದಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಮುರಿಯುತ್ತಿತ್ತು, ಕತ್ತಿಯ ಅಲಗಿನ ಮೇಲೆ ಜಿಡ್ಡು ಉಳಿಯುತ್ತಿತ್ತು. ಅವುಗಳ ಹಿಕ್ಕೆಯೂ ಮಳೆಗಾಲದುದ್ದಕ್ಕೂ ಸಡಿಲವಾಗಿ, ಹೊರಗಿನ ಹಕ್ಕಿಗಳದಕ್ಕಿಂತ ಹೆಚ್ಚು ನಾರುತ್ತಿತ್ತು.

ಸಾಕುವ ವ್ಯವಸ್ಥೆ ಬದಲಾದರೆ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತವೆ, ಅದರಿಂದ ಲಿವರಿನಲ್ಲಿ ಕೊಬ್ಬು ಸೇರುತ್ತದೆ ಎಂದು ಕೆಲವೆಡೆ ಓದಿದೆ. ಇದು ನಿಜವೇ, ಅಥವಾ ತಪ್ಪೆಲ್ಲ ಫೀಡಿನದೇ? ಇಂತಹ ಲಿವರನ್ನು ತಿನ್ನಬಹುದೇ? ಕಕ್ಕಡ ತಿಂಗಳ ಮಳೆಯಲ್ಲಿ ಹಕ್ಕಿಗಳನ್ನು ಹೊರಗೆ ಬಿಡುವುದು ಕಷ್ಟವಾದ್ದರಿಂದ ಶೆಡ್ಡನ್ನು ಪೂರ್ತಿ ಕೈಬಿಡಲಾರೆವು. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ನಿವೃತ್ತ ಪಶುವೈದ್ಯ, ಮಡಿಕೇರಿ

ನೀವು ಬಣ್ಣ, ಅಂಚು, ಗಟ್ಟಿತನ ಮೂರನ್ನೂ ಗಮನಿಸಿ ಬರೆದಿರುವುದರಿಂದ ಉತ್ತರಿಸಲು ಅನುಕೂಲವಾಯಿತು. ಇವು ಯಕೃತ್ತಿನಲ್ಲಿ ಕೊಬ್ಬು ತುಂಬಿರುವುದರ ಲಕ್ಷಣಗಳು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ: ಅಂತಹ ಯಕೃತ್ತಿನ ಸಣ್ಣ ತುಂಡನ್ನು ನೀರಿಗೆ ಹಾಕಿ ನೋಡಿ. ಆರೋಗ್ಯವಂತ ತುಂಡು ಮುಳುಗುತ್ತದೆ, ಕೊಬ್ಬು ವಿಪರೀತವಾಗಿದ್ದರೆ ತೇಲುತ್ತದೆ.

ಮೊದಲು ಹಕ್ಕಿಯ ದೇಹಧರ್ಮವನ್ನು ತಿಳಿದುಕೊಳ್ಳಬೇಕು. ಹಂದಿ, ಹಸುಗಳಲ್ಲಿ ಹೊಸ ಕೊಬ್ಬು ಹೆಚ್ಚಾಗಿ ತಯಾರಾಗುವುದು ಕೊಬ್ಬಿನ ಅಂಗಾಂಶದಲ್ಲಿ. ಹಕ್ಕಿಗಳಲ್ಲಿ ಆ ಕೆಲಸದ ಬಹುಪಾಲು ಯಕೃತ್ತಿನದು. ಜೋಳದ ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗಿ ಯಕೃತ್ತಿಗೆ ಬಂದು ಅಲ್ಲಿ ಕೊಬ್ಬಾಗುತ್ತದೆ. ಆ ಕೊಬ್ಬು ರಕ್ತದ ಮೂಲಕ ಮೈಯ ಉಳಿದ ಭಾಗಗಳಿಗೆ ಹೋಗಬೇಕಾದರೆ, ಪ್ರೋಟೀನು ಮತ್ತು ಫಾಸ್ಫೊಲಿಪಿಡ್ ಸೇರಿದ ಹೊದಿಕೆಯಲ್ಲಿ ಅದನ್ನು ಕಟ್ಟಿ ಕಳುಹಿಸಬೇಕು. ಆ ಹೊದಿಕೆಗೆ ಕೋಲೀನ್ ಮತ್ತು ಮೆಥಿಯೋನಿನ್ ಎಂಬ ಪೋಷಕಾಂಶಗಳು ಬೇಕು. ತಯಾರಿಕೆ ಹೆಚ್ಚಾಗಿ ರವಾನೆ ಕಡಿಮೆಯಾದರೆ ಕೊಬ್ಬು ಯಕೃತ್ತಿನ ಜೀವಕೋಶಗಳಲ್ಲೇ ಹನಿಹನಿಯಾಗಿ ಉಳಿಯುತ್ತದೆ.

ಹೆಬ್ಬಾತಿನ ಜಾತಿಗೆ ಈ ಸಾಮರ್ಥ್ಯ ಇತರ ಸಾಕುಹಕ್ಕಿಗಳಿಗಿಂತ ಹೆಚ್ಚು, ಏಕೆಂದರೆ ಅದರ ಪೂರ್ವಜರು ವಲಸೆ ಹೋಗುವ ಹಕ್ಕಿಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊರಡುವ ಮುನ್ನ ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು, ಹಾರಾಟದಲ್ಲಿ ಅದನ್ನು ಕರಗಿಸುತ್ತವೆ. ಸಾಕಿದ ಹೆಬ್ಬಾತಿಗೆ ಕೂಡಿಸುವ ಶಕ್ತಿ ಉಳಿದಿದೆ, ಕರಗಿಸುವ ಹಾರಾಟ ಹೋಗಿದೆ. ಯುರೋಪಿನಲ್ಲಿ ಫ್ವಾ ಗ್ರಾ ಎಂಬ ತಿನಿಸಿಗಾಗಿ ಹಕ್ಕಿಯ ಗಂಟಲಿಗೆ ಕೊಳವೆ ಇಳಿಸಿ ಜೋಳ ತುರುಕುವವರು ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಅಲ್ಲಿ ಕೆಲವೇ ವಾರಗಳಲ್ಲಿ ಯಕೃತ್ತು ಹಲವು ಪಟ್ಟು ಹಿಗ್ಗುತ್ತದೆ. ಆ ಕ್ರೌರ್ಯದ ಕಾರಣಕ್ಕೇ ಭಾರತ 2014ರಲ್ಲಿ ಅದರ ಆಮದನ್ನು ನಿಷೇಧಿಸಿತು. ನೀವು ಯಾವ ಹಕ್ಕಿಗೂ ತುರುಕಿಲ್ಲ. ಆದರೆ ಓಡಾಟವಿಲ್ಲದೆ ದಿನವಿಡೀ ಮುಂದೆ ಜೋಳ ಇಟ್ಟಿರುವುದು ಅದೇ ದಿಕ್ಕಿನ ಸೌಮ್ಯ ರೂಪ.

ಸಾಕುವ ವ್ಯವಸ್ಥೆಯ ಪಾಲು ಇಲ್ಲಿ ಬರುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಮೊಟ್ಟೆಕೋಳಿಗಳನ್ನು ಪಂಜರಕ್ಕೆ ಏರಿಸಿದಾಗ ಯಕೃತ್ತು ಕೊಬ್ಬಿ, ಬಿರಿದು, ರಕ್ತಸ್ರಾವವಾಗಿ ಕೋಳಿಗಳು ಹಠಾತ್ತನೆ ಸಾಯುವ ರೋಗ ವೈದ್ಯರ ಗಮನಕ್ಕೆ ಬಂತು. ಇಂದಿಗೂ ಅದನ್ನು ಪಂಜರದ ಕೋಳಿಗಳಲ್ಲೇ ಹೆಚ್ಚಾಗಿ ಕಾಣುತ್ತೇವೆ. ನಡೆದಾಟ ಕಡಿಮೆಯಾಗುವುದು ಒಂದು ಕಾರಣ. ಶೆಡ್ಡಿನ ಸೆಕೆ, ಇಕ್ಕಟ್ಟು, ಒದ್ದೆಗಳಿಂದ ಹಕ್ಕಿಯ ಮೈಯಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನು ಏರಿ, ಅದೂ ಯಕೃತ್ತಿನಲ್ಲಿ ಕೊಬ್ಬಿನ ತಯಾರಿಕೆಯನ್ನು ಹೆಚ್ಚಿಸುವುದು ಇನ್ನೊಂದು.

ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಕೊಡಗಿನ ಮಳೆಗಾಲದಲ್ಲಿ ಹಳದಿ ಯಕೃತ್ತು ಕಂಡ ಕೂಡಲೇ ಶೆಡ್ಡನ್ನಾಗಲಿ ಬ್ಯಾಕ್ಟೀರಿಯಾವನ್ನಾಗಲಿ ದೂರುವ ಮೊದಲು ಫೀಡಿನ ಚೀಲವನ್ನು ಬಿಚ್ಚಿ ನೋಡಬೇಕು. ತೇವಗೊಂಡ ಜೋಳ ಮತ್ತು ಕಡಲೆಕಾಯಿ ಹಿಂಡಿಯ ಮೇಲೆ ಬೆಳೆಯುವ ಆಸ್ಪರ್ಜಿಲ್ಲಸ್ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಬಾತು ಮತ್ತು ಹೆಬ್ಬಾತಿನ ಮರಿಗಳು ಇದಕ್ಕೆ ಕೋಳಿಮರಿಗಳಿಗಿಂತ ಬಹಳ ಬೇಗ ತುತ್ತಾಗುತ್ತವೆ, ಮತ್ತು ಇದರಿಂದಲೂ ಯಕೃತ್ತು ಕೊಬ್ಬಿ ಹಳದಿಯಾಗುತ್ತದೆ. ತಿನ್ನುವ ವಿಷಯಕ್ಕೆ ನನ್ನ ಉತ್ತರ ಇದನ್ನೇ ಅವಲಂಬಿಸಿದೆ: ಬರೀ ಕೊಬ್ಬು ಸೇರಿದ ಯಕೃತ್ತು ವಿಷವಲ್ಲ, ಆದರೆ ಫೀಡಿನ ಬಗ್ಗೆ ಸಂಶಯ ಇರುವ ತನಕ ಅದನ್ನು ಮನೆಯವರಿಗೆ ಬಡಿಸಬೇಡಿ.

ಇನ್ನೊಂದು ಮಾತು. ನಿಮ್ಮ ಎರಡು ಗುಂಪುಗಳಲ್ಲಿ ಜಾಗ ಮಾತ್ರವಲ್ಲ, ವಯಸ್ಸು ಮತ್ತು ಆಹಾರವೂ ಬೇರೆ ಬೇರೆ ಇವೆ. ಹೀಗಿರುವಾಗ ವ್ಯತ್ಯಾಸ ಯಾವುದರಿಂದ ಬಂತೆಂದು ಈ ಹೋಲಿಕೆಯಿಂದಲೇ ತೀರ್ಮಾನಿಸಲು ಬರುವುದಿಲ್ಲ.

ಉತ್ತರ: ಪಕ್ಷಿ ಪೋಷಣಾ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ

ವೈದ್ಯರು ಯಕೃತ್ತಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತಲೇ, ಕರುಳಿನ ಪಾಲನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ, ಏಕೆಂದರೆ ಈ ಕೊಂಡಿ ಊಹೆಯಲ್ಲ. ಚೀನಾದಲ್ಲಿ ಹೆಬ್ಬಾತು ಸಾಕಣೆ ದೊಡ್ಡ ಉದ್ಯಮವಾಗಿರುವುದರಿಂದ ಅಲ್ಲಿನ ವಿಶ್ವವಿದ್ಯಾಲಯಗಳು ಪಂಜರ, ಜಾಲರಿ ನೆಲ, ಹಾಸಿದ ನೆಲ ಮತ್ತು ಹುಲ್ಲುಗಾವಲುಗಳನ್ನು ಹೋಲಿಸಿ ಇದನ್ನು ಅಧ್ಯಯನ ಮಾಡುತ್ತಿವೆ.

ಹೆಬ್ಬಾತು ಹುಲ್ಲು ತಿನ್ನುವ ಹಕ್ಕಿ. ಅದರ ಗಿಜರ್ಡು, ಅಂದರೆ ಮೇವನ್ನು ಅರೆಯುವ ಗಟ್ಟಿ ಸ್ನಾಯುವಿನ ಜಠರ, ಕೋಳಿಯದಕ್ಕಿಂತ ಸುಮಾರು ಎರಡು ಪಟ್ಟು ಒತ್ತಡದಲ್ಲಿ ಮೇವನ್ನು ಅರೆಯುತ್ತದೆ. ಅರೆದ ರಸ ಕರುಳಿನಲ್ಲಿ ಬೇಗ ಸಾಗಿಹೋದರೂ, ಅದರ ನಯವಾದ ಭಾಗ ಸೀಕಮ್ ಎಂಬ ಒಂದು ಜೊತೆ ಕುರುಡು ಕರುಳುಗಳಲ್ಲಿ ನಿಲ್ಲುತ್ತದೆ. ಕೊಯ್ದಾಗ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದಲ್ಲಿ ಎರಡೂ ಬದಿಗೆ ಗೇಣುದ್ದದ ಎರಡು ಚೀಲಗಳು ಕಾಣುತ್ತವಲ್ಲ, ಅವೇ. ಅಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಆ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಲು ಅದು ನೆರವಾಗುತ್ತದೆ.

ಹಕ್ಕಿಯನ್ನು ಹುಲ್ಲಿನಿಂದ ದೂರ ಮಾಡಿ ಜೋಳದ ಮೇಲೆ ಬೆಳೆಸಿದಾಗ ನಾರನ್ನು ನಂಬಿದ ಬ್ಯಾಕ್ಟೀರಿಯಾಗಳಿಗೆ ಮೇವು ಇಲ್ಲವಾಗುತ್ತದೆ. ಬ್ಯುಟಿರೇಟ್ ಕಡಿಮೆಯಾಗಿ ಕರುಳಿನ ಗೋಡೆಯ ಬೆಸುಗೆ ಸಡಿಲಗೊಂಡರೆ, ಇ. ಕೋಲಿಯಂತಹ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿರುವ ಲಿಪೊಪಾಲಿಸ್ಯಾಕರೈಡ್ ಎಂಬ ವಿಷವಸ್ತು ಸೋರಿ ರಕ್ತಕ್ಕೆ ಸೇರುತ್ತದೆ. ಕರುಳಿನ ರಕ್ತ ಬೇರೆಲ್ಲಿಗೂ ಹೋಗುವ ಮೊದಲು ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ ಬರುವುದರಿಂದ, ಮೊದಲ ಪೆಟ್ಟು ಬೀಳುವುದು ಅದಕ್ಕೇ. ಅಲ್ಲಿನ ರಕ್ಷಕ ಕೋಶಗಳು ಈ ವಿಷವನ್ನು ಗುರುತಿಸಿ ಉರಿಯೂತದ ಸಂಕೇತಗಳನ್ನು ಬಿಡುಗಡೆ ಮಾಡುತ್ತವೆ. ಉರಿಯೂತಕ್ಕೆ ಸಿಕ್ಕ ಯಕೃತ್ತು ಕೊಬ್ಬನ್ನು ಸುಡುವುದರಲ್ಲೂ ರವಾನಿಸುವುದರಲ್ಲೂ ಹಿಂದೆ ಬೀಳುತ್ತದೆ.

ಹೆನಾನ್ ಕೃಷಿ ವಿಶ್ವವಿದ್ಯಾಲಯದವರು ಹುಲ್ಲುಗಾವಲಿನಲ್ಲಿ ಮೇಯುವ ಹೆಬ್ಬಾತುಗಳನ್ನು ಒಳಗೆ ಫೀಡ್ ತಿಂದು ಬೆಳೆದವುಗಳೊಂದಿಗೆ ಹೋಲಿಸಿದಾಗ, ಮೇಯುವ ಹಕ್ಕಿಗಳ ಕರುಳಿನ ಗೋಡೆ ಹೆಚ್ಚು ಗಟ್ಟಿಯಾಗಿದ್ದುದು, ರಕ್ತದಲ್ಲಿ ಈ ವಿಷ ಕಡಿಮೆ ಇದ್ದುದು ಮತ್ತು ಯಕೃತ್ತಿನ ಉರಿಯೂತ ತಗ್ಗಿದ್ದುದು ಕಂಡುಬಂದಿತು. ಇದರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವಕ್ಕೆ ಅವರು ಮುಖ್ಯ ಸ್ಥಾನ ಕೊಡುತ್ತಾರೆ: ಕರುಳಿನ ಒಳಪದರದಲ್ಲಿರುವ ಈ ಕಿಣ್ವ ಲಿಪೊಪಾಲಿಸ್ಯಾಕರೈಡಿನಿಂದ ಫಾಸ್ಫೇಟ್ ತುಣುಕನ್ನು ಕಿತ್ತು ಅದರ ನಂಜನ್ನು ತಗ್ಗಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಂಯಮ ಬೇಕೆಂದು ನನ್ನ ಅಭಿಪ್ರಾಯ. ಫರ್ಮಿಕ್ಯೂಟ್ಸ್ ಮತ್ತು ಬ್ಯಾಕ್ಟೀರಾಯ್ಡೀಟ್ಸ್ ಎಂಬ ಎರಡು ದೊಡ್ಡ ಗುಂಪುಗಳ ಪ್ರಮಾಣವನ್ನು ಅಳೆದು, ಇದು ಏರಿದರೆ ಕೊಬ್ಬು, ಅದು ಏರಿದರೆ ಆರೋಗ್ಯ ಎಂದು ಬರೆಯುವ ಅಭ್ಯಾಸ ಹರಡಿದೆ. ತಳಿ, ವಯಸ್ಸು, ಮೇವು ಮತ್ತು ಮಾದರಿ ತೆಗೆದ ಕರುಳಿನ ಭಾಗ ಬದಲಾದಂತೆ ಈ ಪ್ರಮಾಣವೂ ಬದಲಾಗುತ್ತದೆ. ಯಾವ ಗುಂಪು ಎಷ್ಟಿದೆ ಎಂಬುದಕ್ಕಿಂತ, ನಾರು ಹುದುಗುತ್ತಿದೆಯೇ ಮತ್ತು ಕರುಳಿನ ಗೋಡೆ ಸೋರುತ್ತಿದೆಯೇ ಎಂಬುದೇ ನಿಮ್ಮಂತಹ ಸಾಕಣೆದಾರರಿಗೆ ಉಪಯುಕ್ತವಾದ ಪ್ರಶ್ನೆ. ಹುಲ್ಲುಗಾವಲಿನ ಹೋಲಿಕೆಯಲ್ಲೂ ಜಾಗದ ಜೊತೆಗೆ ಮೇವು ಬದಲಾಗಿರುತ್ತದೆ. ಆದ್ದರಿಂದ ಹಕ್ಕಿಗೆ ಗೋಡೆ ಮತ್ತು ಮಾಡಿನಿಂದ ಆಗುವ ಹಾನಿಗಿಂತ, ಅವು ಹುಲ್ಲನ್ನು ದೂರವಿಟ್ಟದ್ದರಿಂದ ಆಗುವ ಹಾನಿಯೇ ದೊಡ್ಡದು ಎಂದು ನಾನು ತಿಳಿಯುತ್ತೇನೆ.

ಮರುಪ್ರಶ್ನೆ: ಅಮ್ಮತ್ತಿಯ ಬೆಳೆಗಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಫೀಡ್ ಚೀಲಗಳನ್ನು ಕಾಫಿ ಗೋದಾಮಿನ ಗೋಡೆಗೆ ತಾಗಿಸಿ ಇಟ್ಟಿದ್ದೆವು; ಇಂದು ತೆಗೆದು ನೋಡಿದಾಗ ಗೋಡೆಯ ಬದಿಯ ಜೋಳ ಗಂಟುಗಟ್ಟಿ ಮುಗ್ಗಲು ವಾಸನೆ ಬರುತ್ತಿತ್ತು. ಅದನ್ನು ಬೇರೆ ಮಾಡಿಸಿದ್ದೇನೆ. ಸಂಶೋಧಕಿಯವರಲ್ಲಿ ಇನ್ನೊಂದು ಪ್ರಶ್ನೆ: ಬ್ಯಾಕ್ಟೀರಿಯಾವೇ ಕಾರಣವಾದರೆ, ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್ ಪುಡಿಯನ್ನು ನೀರಿಗೆ ಬೆರೆಸಿದರೆ ಸಾಕಾಗುವುದಿಲ್ಲವೇ? ಹಾಗೆಯೇ, ಮಳೆಯಲ್ಲಿ ಶೆಡ್ಡಿನ ಹಕ್ಕಿಗಳಿಗೆ ಹುಲ್ಲನ್ನು ಒದಗಿಸುವ ಕ್ರಮವನ್ನು ಅನುಭವಸ್ಥರು ತಿಳಿಸಬೇಕು.

ಉತ್ತರ: ಪಕ್ಷಿ ಪೋಷಣಾ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ

ಪುಡಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್ ಮುಂತಾದವು ಕರುಳಿನಲ್ಲಿ ನೆಲೆಯೂರಬೇಕಾದರೆ ಅವುಗಳಿಗೂ ಆಹಾರ ಬೇಕು. ನಾರಿಲ್ಲದ ಕರುಳಿಗೆ ಬ್ಯಾಕ್ಟೀರಿಯಾ ಸುರಿದರೆ ಅವು ಬಂದ ದಾರಿಯಲ್ಲೇ ಹೋಗುತ್ತವೆ. ಹುಲ್ಲಿಗೆ ಹಣ ಕೊಡಬೇಕಾಗಿಲ್ಲ ಎಂಬುದನ್ನೂ ನೆನಪಿಡಿ.

ಉತ್ತರ: ಶ್ರೀಮಂಗಲದಿಂದ, ಗದ್ದೆ ಮತ್ತು ತೋಟ ನೋಡಿಕೊಳ್ಳುವವಳು

ಅಮ್ಮತ್ತಿಯ ಅಣ್ಣನವರಿಗೆ ನಮಸ್ಕಾರ. ನಮ್ಮಲ್ಲಿ ಮಳೆ ನಿಮ್ಮಲ್ಲಿಗಿಂತ ಹೆಚ್ಚು. ಆದರೂ ನಾವು ಹೆಬ್ಬಾತುಗಳನ್ನು ಇಡೀ ದಿನ ಒಳಗೆ ಇಡುವುದಿಲ್ಲ. ಬೆಳೆದ ಹೆಬ್ಬಾತಿಗೆ ಮಳೆ ಕಷ್ಟವಲ್ಲ. ಅದರ ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯಿಂದ ಕೊಕ್ಕಿಗೆ ಎಣ್ಣೆ ತೆಗೆದುಕೊಂಡು ಅದು ಗರಿಗಳಿಗೆ ಸವರಿಕೊಳ್ಳುತ್ತದೆ, ನೀರು ಒಳಗಿಳಿಯುವುದಿಲ್ಲ. ಎಳೆಯ ತುಪ್ಪುಳ ಉದುರಿ ಗರಿ ಬರುವ ತನಕ ಮರಿಗಳನ್ನು ಮಾತ್ರ ನೆನೆಯಲು ಬಿಡಬಾರದು. ನಿಮ್ಮ ನಿಜವಾದ ಕಷ್ಟ ನಾಯಿಗಳದಾದ್ದರಿಂದ, ಶೆಡ್ಡಿಗೆ ಹೊಂದಿಕೊಂಡಂತೆ ಗದ್ದೆ ಬದುವಿನ ಒಂದು ತುಂಡಿಗೆ ಬಲೆ ಬೇಲಿ ಕಟ್ಟಿಸಿ, ಬೇಲಿಯ ಬುಡವನ್ನು ಮಣ್ಣಿನೊಳಗೆ ಹೂತು, ಬೆಳಗಿನ ಹೊತ್ತು ಅಲ್ಲಿಗೆ ಬಿಡುವುದು ಒಳ್ಳೆಯದು. ಒಂದೇ ಜಾಗದಲ್ಲಿ ಬಿಟ್ಟರೆ ಮಳೆಗಾಲದಲ್ಲಿ ವಾರದೊಳಗೆ ಕೆಸರಾಗುತ್ತದೆ. ಬೇಲಿಯನ್ನು ಮೂರು ಪಾಲು ಮಾಡಿ ಒಂದೊಂದಾಗಿ ತೆರೆಯಬೇಕು.

ಹುಲ್ಲು ಕೊಯ್ದು ತರುವುದಾದರೆ ನಮ್ಮ ಅನುಭವ ಹೀಗಿದೆ. ಬಲಿತ ನೇಪಿಯರ್ ಹಾಕಿದರೆ ಅವು ಎಲೆಯ ಅಂಚನ್ನು ಮಾತ್ರ ಕಿತ್ತು ದಂಟನ್ನು ತುಳಿದುಬಿಡುತ್ತವೆ. ಮೊಣಕಾಲಿಗಿಂತ ಕೆಳಗಿರುವಾಗಲೇ ಕೊಯ್ದ ಗಿನಿ ಹುಲ್ಲು, ಬದುವಿನ ಗರಿಕೆ ಮತ್ತು ತೊಟ್ಟಿಯಲ್ಲಿ ಬೆಳೆಸಿದ ಅಜೋಲ್ಲಾ ಅವುಗಳಿಗೆ ಪ್ರಿಯ. ಹುಲ್ಲನ್ನು ನೆಲಕ್ಕೆ ಹಾಕದೆ, ಅವುಗಳ ಎದೆಯ ಎತ್ತರಕ್ಕೆ ಕಟ್ಟುಕಟ್ಟಾಗಿ ತೂಗುಹಾಕಿದರೆ ಅವು ಕುತ್ತಿಗೆ ಚಾಚಿ ಎಳೆದೆಳೆದು ತಿನ್ನುತ್ತವೆ; ಹಿಕ್ಕೆ ತಾಗುವುದಿಲ್ಲ, ಹಕ್ಕಿಗೂ ಕೆಲಸ ಸಿಗುತ್ತದೆ. ದೊಡ್ಡ ಹೆಬ್ಬಾತು ದಿನಕ್ಕೆ ಕಿಲೋಗೂ ಮೀರಿ ಹಸಿಹುಲ್ಲು ತಿನ್ನಬಲ್ಲದು, ಆದ್ದರಿಂದ ಒಂದು ಹಿಡಿ ತೋರಿಸಿ ಬಿಡಬಾರದು. ಮಳೆಗಾಲದ ಹುಲ್ಲಿನಲ್ಲಿ ನೀರೇ ಹೆಚ್ಚು. ಹಾಗಾಗಿ ಸಂಜೆ ಭತ್ತ ಮತ್ತು ತೌಡನ್ನು ನಾವು ನಿಲ್ಲಿಸುವುದಿಲ್ಲ, ಜೋಳವನ್ನು ಮಾತ್ರ ಕಡಿಮೆ ಮಾಡಿದ್ದೇವೆ. ಗಿಜರ್ಡು ಹುಲ್ಲನ್ನು ಅರೆಯಬೇಕಾದರೆ ಸಣ್ಣ ಕಲ್ಲು ಬೇಕು. ದಬ್ಬೆಯ ನೆಲದ ಮೇಲೆ ಅವುಗಳಿಗೆ ಅದು ಸಿಗುವುದಿಲ್ಲವಾದ್ದರಿಂದ ಒಂದು ಬಾಣಲೆಯಲ್ಲಿ ದಪ್ಪ ಮರಳನ್ನು ಇಡಬೇಕು.

ಕಾಫಿ ತೋಟದವರೆಲ್ಲ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಕರಿಮೆಣಸಿಗೂ ಕಾಫಿಗೂ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಮೇಲೆ ಅದರ ಕೆಳಗಿನ ಹುಲ್ಲನ್ನು ಹಕ್ಕಿಗಳಿಗೆ ಕೊಯ್ಯಬೇಡಿ. ಮೈಲುತುತ್ತದ ತಾಮ್ರ ಯಕೃತ್ತಿನಲ್ಲೇ ಕೂಡುತ್ತದೆ. ಬ್ಯಾರಲ್ ಮತ್ತು ಸ್ಪ್ರೇಯರ್ ತೊಳೆದ ನೀರು ಹೆಬ್ಬಾತುಗಳ ಕೆರೆಗೆ ಹರಿಯದಂತೆಯೂ ನೋಡಿಕೊಳ್ಳಬೇಕು. ಕಳೆನಾಶಕ ಹೊಡೆದ ಜಾಗದ ಹುಲ್ಲನ್ನೂ ಮುಟ್ಟಬೇಡಿ. ಶೆಡ್ಡಿನ ಅಡಿಗೆ ಹಾಸಲು ಕಾಫಿ ಹೊಟ್ಟಿಗಿಂತ ಒಣ ಭತ್ತದ ಹೊಟ್ಟು ಮೇಲು; ತೇವ ತಾಗಿದ ಕಾಫಿ ಹೊಟ್ಟು ಬೇಗ ಬೂಷ್ಟು ಹಿಡಿಯುತ್ತದೆ.

ಉತ್ತರ: ನಿವೃತ್ತ ಪಶುವೈದ್ಯ, ಮಡಿಕೇರಿ

ತಂಗಿಯವರು ತಾಮ್ರದ ವಿಷಯ ಎತ್ತಿದ್ದು ಬಹಳ ಒಳ್ಳೆಯದಾಯಿತು. ಯಕೃತ್ತು ನೋಡುವ ವೈದ್ಯರಿಗೆ ತೋಟದ ಸಿಂಪಡಣೆಯ ಮಾಹಿತಿಯನ್ನು ಯಾರೂ ಕೊಡುವುದಿಲ್ಲ.

ಬೆಳೆಗಾರರಿಗೆ: ಮುಗ್ಗಲು ಬಂದ ಜೋಳವನ್ನು ಒಣಗಿಸಿ ಮತ್ತೆ ಬಳಸಬೇಡಿ, ಹಂದಿಗೂ ಹಾಕಬೇಡಿ. ಅಫ್ಲಾಟಾಕ್ಸಿನ್ ಬಿಸಿಲಿಗಾಗಲಿ ಬೇಯಿಸುವುದಕ್ಕಾಗಲಿ ಪೂರ್ತಿ ನಾಶವಾಗುವುದಿಲ್ಲ. ಚೀಲಗಳನ್ನು ಗೋಡೆಯಿಂದ ಒಂದು ಮೊಳ ಈಚೆಗೆ, ಮರದ ಹಲಗೆಯ ಮೇಲೆ ಇಡಿ. ಕೊಬ್ಬಿದ ಯಕೃತ್ತು ಸರಿಯಾಗುವ ಅಂಗ ಎಂಬುದು ಸಮಾಧಾನದ ಸಂಗತಿ. ಹೆಚ್ಚುವರಿ ಜೋಳ ನಿಂತರೆ ಹೆಬ್ಬಾತಿನ ಯಕೃತ್ತು ಕೆಲವು ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಆದ್ದರಿಂದ ಈಗ ಶೆಡ್ಡಿನಲ್ಲಿರುವ ಹಕ್ಕಿಗಳನ್ನು ಅವಸರದಲ್ಲಿ ವಿಲೇವಾರಿ ಮಾಡಬೇಕಾಗಿಲ್ಲ.

ನಿಜವಾದ ಕಾರಣ ತಿಳಿಯಬೇಕೆಂದಿದ್ದರೆ ಮುಂದಿನ ಮರಿಗಳಲ್ಲಿ ಒಂದೇ ವಯಸ್ಸಿನವನ್ನು ಆರಿಸಿ, ಗಂಡು ಹೆಣ್ಣುಗಳನ್ನು ಸಮನಾಗಿ ಹಂಚಿ, ಎರಡೂ ಗುಂಪಿಗೆ ಒಂದೇ ಚೀಲದ ಫೀಡನ್ನು ತೂಕ ಮಾಡಿ ಹಾಕಿ. ಒಂದು ಗುಂಪಿಗೆ ಮಾತ್ರ ಹುಲ್ಲು ಮತ್ತು ಬೇಲಿಯೊಳಗಿನ ಓಡಾಟ ಇರಲಿ. ಮೊಟ್ಟೆಯಿಡುವ ಹೆಣ್ಣುಗಳನ್ನು ಸೇರಿಸಬೇಡಿ, ಏಕೆಂದರೆ ಹಳದಿ ಲೋಳೆಗೆ ಬೇಕಾದ ಕೊಬ್ಬನ್ನು ತಯಾರಿಸುವ ಆ ಕಾಲದಲ್ಲಿ ಅವುಗಳ ಯಕೃತ್ತಿನ ಬಣ್ಣ ಸಹಜವಾಗಿಯೇ ತಿಳಿಯಾಗಿರುತ್ತದೆ. ಕೊಯ್ದಾಗ ಹಕ್ಕಿಯ ತೂಕವನ್ನೂ ಯಕೃತ್ತಿನ ತೂಕವನ್ನೂ ಬರೆದಿಟ್ಟುಕೊಂಡು, ಎರಡನೆಯದು ಮೊದಲನೆಯದರ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ.

ಮಾದರಿಗಳನ್ನು ನಿಮ್ಮ ಪಶು ಆಸ್ಪತ್ರೆಯ ಮೂಲಕ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗಾಗಲಿ, ಹಾಸನದ ಪಶುವೈದ್ಯಕೀಯ ಕಾಲೇಜಿಗಾಗಲಿ ಕಳುಹಿಸಬಹುದು. ಯಕೃತ್ತಿನ ಅರ್ಧ ಬೆರಳು ದಪ್ಪದ ತುಂಡನ್ನು, ಅದರ ಹತ್ತು ಪಟ್ಟು ಪ್ರಮಾಣದ ಶೇ. 10ರ ಫಾರ್ಮಲಿನ್‌ನಲ್ಲಿ ಮುಳುಗಿಸಿ. ಜೊತೆಗೆ ಇನ್ನೊಂದು ತುಂಡನ್ನು ಫಾರ್ಮಲಿನ್ ತಾಗಿಸದೆ ಐಸ್ ಡಬ್ಬಿಯಲ್ಲಿ ಇಡಿ. ಸಾಮಾನ್ಯ ವಿಧಾನದಲ್ಲಿ ತುಂಡನ್ನು ಮೇಣದಲ್ಲಿ ಕೂರಿಸುವಾಗ ಬಳಸುವ ಆಲ್ಕೊಹಾಲ್ ಮತ್ತು ಕ್ಸೈಲೀನ್ ಕೊಬ್ಬನ್ನು ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಖಾಲಿ ಗುಳಿಗಳನ್ನಷ್ಟೇ ಉಳಿಸುತ್ತವೆ. ಕೊಬ್ಬಿಗೇ ಬಣ್ಣ ಹಾಕಿ ನೋಡಬೇಕಾದರೆ ಹೆಪ್ಪುಗಟ್ಟಿಸಿ ಕತ್ತರಿಸಿದ ತುಂಡು ಬೇಕು. ಫೀಡಿನ ಮಾದರಿಯನ್ನು ಒಂದೇ ಕಡೆಯಿಂದ ತೆಗೆಯದೆ, ಚೀಲದ ಮೇಲೆ, ನಡುವೆ, ತಳ ಮತ್ತು ಗೋಡೆಯ ಬದಿಯಿಂದ ತೆಗೆದು ಬೆರೆಸಿ, ಪ್ಲಾಸ್ಟಿಕ್ಕಿನಲ್ಲಿ ಬೆವರದಂತೆ ಕಾಗದದ ಚೀಲದಲ್ಲಿ ಕಳುಹಿಸಿ.